ಮೋಟಾರಿನ ಎಣ್ಣೆ, ಗಿರಣಿಯ ಎಣ್ಣೆ

ನನ್ನ ಗಂಡನ ಮೋಟಾರಿಗೆ ಪೆಟ್ರೋಲ್ ಬೇಕಿತ್ತು, ನನ್ನ ಅಣ್ಣನ ಗಿರಣಿಗೆ ಕ್ರೂಡ್ ಎಣ್ಣೆ. ಈಗ ಎಲ್ಲರೂ ಡೀಸೆಲ್ ಅನ್ನುವಂಥದ್ದಕ್ಕೆ ಆಗ ನಮ್ಮ ಕಡೆ ಕ್ರೂಡ್ ಎಂದೇ ಹೆಸರು. ಕಪ್ಪಗೆ, ಮಂದವಾಗಿ ಇರುತ್ತಿತ್ತು. ಸೀರೆಗೆ ತಾಕಿದರೆ ಆ ಸೀರೆ ಹರಿದು ಕೌದಿಗೆ ಸೇರಿದ ಮೇಲೂ ಕಲೆ ಉಳಿಯುತ್ತಿತ್ತು. ಪೆಟ್ರೋಲ್ ಹಾಗಲ್ಲ. ನೀರಿನಷ್ಟು ತೆಳ್ಳಗೆ, ಕೈಮೇಲೆ ಬಿದ್ದರೆ ತಣ್ಣಗೆ ಹಾರಿಹೋಗುತ್ತಿತ್ತು. ಎರಡೂ ಕಲಬುರಗಿ ಸ್ಟೇಷನ್ನಿನ ಹತ್ತಿರದ ಒಂದೇ ಅಂಗಡಿಯಿಂದ ಬರುತ್ತಿದ್ದವು. ಮದುವೆಯಾಗಿ ಆಳಂದಕ್ಕೆ ಬಂದ ಹೊಸದರಲ್ಲಿ ನಾನು ಅವೆರಡನ್ನೂ ಒಂದೇ ಎಣ್ಣೆಯ ಎರಡು ಬಣ್ಣ ಎಂದುಕೊಂಡಿದ್ದೆ. ಅವು ಬೇರೆ ಬೇರೆ ಎಂದು ನಾನು ಕಲಿತ ಬಗೆ ಶತ್ರುವಿಗೂ ಬೇಡ.

ನನ್ನ ತವರು ಅಫಜಲಪುರ ತಾಲೂಕಿನ ಗೊಬ್ಬೂರು. ತಂದೆ ತೀರಿಕೊಂಡ ಮೇಲೆ ಅಣ್ಣ ಹೊಲದ ಒಂದು ತುಂಡು ಮಾರಿ, ಊರಿಗೆ ಮೊದಲ ಹಿಟ್ಟಿನ ಗಿರಣಿ ತಂದಿದ್ದ. ಬೆಳಗಾಗುತ್ತಲೇ ಇಂಜಿನ್ನಿನ ತಲೆಗೆ ಬೆಂಕಿಯ ದೀಪ ಹಿಡಿದು ಕೆಂಪಗೆ ಕಾಯಿಸಬೇಕು, ಆಮೇಲೆ ದೊಡ್ಡ ಗಾಲಿ ತಿರುವಬೇಕು. ಅದು ಒಂದು ಸಲ ಕೆಮ್ಮಿ ಹೊಡೆದುಕೊಳ್ಳಲು ಶುರು ಮಾಡಿದರೆ ಸದ್ದು ಪಕ್ಕದ ಊರಿಗೂ ಕೇಳುತ್ತಿತ್ತು. ಅದನ್ನು ಕೇಳಿಯೇ ಹೆಂಗಸರು ಜೋಳದ ಬುಟ್ಟಿ ಹೊತ್ತು ಮನೆ ಬಿಡುತ್ತಿದ್ದರು. ಬೀಸುವ ಕಲ್ಲುಗಳನ್ನು ಎಷ್ಟೋ ಮನೆಗಳಲ್ಲಿ ಗೋಡೆಗೆ ಆನಿಸಿ ಇಟ್ಟುಬಿಟ್ಟರು. ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಗಿರಣಿಯ ಬಾಗಿಲಲ್ಲಿ ಕೂತು ಯಾರ ಬುಟ್ಟಿ ಮೊದಲು, ಯಾರದು ಆಮೇಲೆ ಎಂದು ಜಗಳ ಬಿಡಿಸುತ್ತಿದ್ದಳು. ನಗುಮುಖದ ಹೆಂಗಸು. ಬೈದರೂ ಬೈಸಿಕೊಂಡವರು ನಗುವಂತೆ ಬೈಯುತ್ತಿದ್ದಳು.

ನನ್ನ ಗಂಡ ಆಳಂದದಿಂದ ಕಲಬುರಗಿಗೆ ಮೋಟಾರು ಓಡಿಸುತ್ತಿದ್ದರು. ಸ್ವಂತ ಮೋಟಾರು. ಕಿಣ್ಣಿ ಸುಲ್ತಾನ ಊರಿನ ಕಡೆಯ ರೈತರು, ಕಚೇರಿ ಕೆಲಸದವರು, ದವಾಖಾನೆಗೆ ಹೋಗುವವರು ಅದರ ಮಂದಿ. ನಾಗರ ಪಂಚಮಿಗೆ ಅಣ್ಣ ನನ್ನನ್ನು ಕರೆಯಲು ಬಂದಾಗ ಇಬ್ಬರೂ ಜಗಲಿಯ ಮೇಲೆ ಕೂತು ತಮ್ಮ ತಮ್ಮ ಎಣ್ಣೆಯ ಧಾರಣೆ ಹೇಳಿಕೊಳ್ಳುವರು. ಲಗ್ನದ ಕಾಲದಲ್ಲಿ ಮೋಟಾರುಗಳ ಓಡಾಟ ಹೆಚ್ಚಾಗಿ ಪೆಟ್ರೋಲ್ ಸ್ವಲ್ಪ ತುಟ್ಟಿಯಾದರೆ ಕ್ರೂಡ್ ಇದ್ದಲ್ಲೇ ಇರುತ್ತಿತ್ತು. ರಾಶಿ ಮುಗಿದು ಹತ್ತಿ ಗಿರಣಿಗಳು ಶುರುವಾದಾಗ ಕ್ರೂಡ್ ಏರಿದರೆ ಪೆಟ್ರೋಲ್ ಅಲುಗುತ್ತಿರಲಿಲ್ಲ. ಅದು ಅವರಿಗೊಂದು ತಮಾಷೆ.

"ಒಂದ ಅಂಗಡಿ, ಒಂದ ತಕ್ಕಡಿ. ಹಂಗಿದ್ರೂ ಇವೆರಡು ಯಾಕ ಜೋಡಿ ಎತ್ತಿನಂಗ ನಡಿಯಂಗಿಲ್ಲ?" ಎಂದು ನನ್ನ ಗಂಡ ಕೇಳಿದರೆ ಅಣ್ಣ, "ನಿಮ್ಮದು ದೊರೆಗಳ ಎಣ್ಣಿರಿ ಅಳಿಯಾರ. ನಮ್ಮದು ರೊಟ್ಟಿ ತಿನ್ನೋರ ಎಣ್ಣಿ. ಜೋಡಿ ಹ್ಯಾಂಗ ಆಗ್ತಾವ?" ಎಂದು ನಗುತ್ತಿದ್ದ.

ಆಮೇಲೆ ಲಡಾಯಿ, ಅಂದರೆ ಆ ಮಹಾಯುದ್ಧ, ಬಂತು. ನಾವು ಅದನ್ನು ಕಣ್ಣಿನಿಂದ ಕಂಡವರಲ್ಲ. ನಮಗೆ ಅದು ಬಂದದ್ದು ಅಂಗಡಿಯ ಪೆಟ್ರೋಲ್ ಕೋಣೆಗೆ ಬಿದ್ದ ಬೀಗದ ರೂಪದಲ್ಲಿ. ಸರ್ಕಾರ ಪೆಟ್ರೋಲಿಗೆ ಚೀಟಿ ಮಾಡಿತು. ಚೀಟಿಯಲ್ಲಿ ಬರೆದಷ್ಟೇ ಕೊಡುವುದು, ಅದೂ ಅಂಗಡಿಯಲ್ಲಿ ಇದ್ದರೆ. ದಿನಾ ಹೋಗಿ ಬರುತ್ತಿದ್ದ ಮೋಟಾರು ವಾರಕ್ಕೊಮ್ಮೆ ಹೋಗುವಂತಾಯಿತು. ಚೀಟಿ ಇಲ್ಲದೆ ಕದ್ದು ಕೊಡುವವರು ಇದ್ದರು, ಅವರ ಧಾರಣೆ ಕೇಳಿದವರು ಮೋಟಾರು ಬಿಟ್ಟು ನಡೆದು ಹೋಗುತ್ತಿದ್ದರು. ಅದೇ ದಿನಗಳಲ್ಲಿ ಗೊಬ್ಬೂರಿನ ಗಿರಣಿ ಎಂದಿನಂತೆ ನಡೆದಿತ್ತು. ಕ್ರೂಡ್ ಬೇಕಾದಷ್ಟು ಸಿಗುತ್ತಿತ್ತು, ಹಳೆಯ ಧಾರಣೆಗೇ. ಅಣ್ಣ ಎರಡು ಪೀಪಾಯಿ ತಂದು ಗಿರಣಿಯ ಹಿಂದೆ ಇಟ್ಟಿದ್ದ.

ವೈನಿಗೆ ಮೊದಲ ಬಸಿರು. ಮದುವೆಯಾಗಿ ಬಹಳ ವರ್ಷಗಳಾದ ಮೇಲೆ ನಿಂತದ್ದು. ಅವಳ ತಾಯಿ ಇರಲಿಲ್ಲ, ನಮ್ಮ ತಾಯಿಗೆ ಕಣ್ಣು ಮಂಜಾಗಿತ್ತು. ಹೀಗಾಗಿ ಹೆರಿಗೆಗೆ ನಾನು ಹೋಗಿ ಇರುವುದೆಂದು ಮಾತಾಯಿತು. ನನ್ನ ಗಂಡ ಆ ತಿಂಗಳ ಚೀಟಿಯ ಪೆಟ್ರೋಲನ್ನು ಉಳಿಸಿ ಇಟ್ಟರು. ನನ್ನನ್ನು ಗೊಬ್ಬೂರಿಗೆ ಬಿಟ್ಟು, ವೈನಿಯ ದಿನ ತುಂಬುವ ಮೊದಲೇ ಅವಳನ್ನೂ ನನ್ನನ್ನೂ ಕಲಬುರಗಿಯ ನಮ್ಮ ನೆಂಟರ ಮನೆಗೆ ಮುಟ್ಟಿಸಬೇಕೆಂದು ಅವರ ಲೆಕ್ಕ. ದೊಡ್ಡ ದವಾಖಾನೆ ಅಲ್ಲಿಂದ ಹತ್ತಿರ.

ಶ್ರಾವಣದ ಮಳೆ ಹಿಡಿದಿತ್ತು. ಗೊಬ್ಬೂರು ಇನ್ನೇನು ಬಂತು ಎನ್ನುವಾಗ ಎರೆ ಮಣ್ಣಿನಲ್ಲಿ ಗಾಲಿ ಹೂತವು. ಎರೆ ಮಣ್ಣು ಬಲ್ಲವರಿಗೆ ಹೇಳಬೇಕಾಗಿಲ್ಲ, ಕಾಲಿಟ್ಟರೆ ಕಾಲನ್ನೇ ಇಟ್ಟುಕೊಳ್ಳುತ್ತದೆ. ಇಂಜಿನ್ ಕೂಗುತ್ತಲೇ ಇತ್ತು, ಗಾಲಿ ಇದ್ದಲ್ಲೇ ತಿರುಗುತ್ತಿತ್ತು. ಕೊನೆಗೆ ಊರಿನ ಎತ್ತುಗಳು ಬಂದು ಎಳೆದವು. ಮೋಟಾರನ್ನು ಗಿರಣಿಯ ಪಕ್ಕದ ಬೇವಿನ ಗಿಡದ ಕೆಳಗೆ ನಿಲ್ಲಿಸಿ ನನ್ನ ಗಂಡ ಪೆಟ್ರೋಲ್ ಟಾಕಿಯೊಳಗೆ ಕಡ್ಡಿ ಇಳಿಸಿ ನೋಡಿದರು. ಕಡ್ಡಿ ಒಣದಾಗಿಯೇ ಮೇಲೆ ಬಂತು.

"ಎಲ್ಲಾ ಕೆಸರ ಕುಡೀತು," ಎಂದರು. "ಇರ್ಲಿ, ಇನ್ನಾ ದಿನ ಅದಾವ. ಮಳಿ ನಿಂತ ಮ್ಯಾಲ ಕಲಬುರ್ಗಿಗೆ ಹೋಗಿ ಹೊಸಾ ಚೀಟಿಗೆ ತರ್ತೇನಿ."

ಆದರೆ ವೈನಿಯ ಹೊಟ್ಟೆಯಲ್ಲಿದ್ದ ಕೂಸು ಮಳೆ ನಿಲ್ಲುವುದನ್ನು ಕಾಯಲಿಲ್ಲ.

ಬೇನೆ ಶುರುವಾದದ್ದು ಬೆಳಗಿನ ರೊಟ್ಟಿಯ ಹೊತ್ತಿಗೆ. ಸೂಲಗಿತ್ತಿ ಮುದುಕಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಅವಳು ನಮ್ಮ ಊರಿನ ಅರ್ಧ ಮಂದಿಯನ್ನು ಭೂಮಿಗೆ ತಂದವಳು, ನನ್ನನ್ನೂ. ಸ್ವಲ್ಪ ಹೊತ್ತಿನ ಮೇಲೆ ಹೊರಗೆ ಬಂದು ನನ್ನನ್ನು ಗೋಡೆಯ ಮೂಲೆಗೆ ಕರೆದಳು.

"ಕೂಸು ಅಡ್ಡ ಅದ ಬೇ. ತಿರುವಾಕ ನೋಡ್ದೆ, ತಿರುಗವಲ್ದು. ಇದು ನನ್ನ ಕೈಮೀರಿದ್ದು. ಜಲ್ದಿ ದವಾಖಾನಿಗೆ ಒಯ್ರಿ."

ನಾನು ಹೊರಗೆ ಓಡಿದೆ. ನಾನು ಬಾಯಿ ತೆರೆಯುವ ಮೊದಲೇ ಅಣ್ಣನಿಗೆ ತಿಳಿಯಿತು. ಅವನು ಮೋಟಾರಿನ ಕಡೆ ಕೈ ಮಾಡಿ ನನ್ನ ಗಂಡನಿಗೆ, "ತೆಗೀರಿ," ಎಂದ.

"ಎಣ್ಣಿ ಇಲ್ಲ ಮಾವಾರ."

"ಎಣ್ಣಿ ನಾ ಕೊಡ್ತೇನಿ. ಎರಡು ಪೀಪಾಯಿ ಅದ."

"ಅದು ಹತ್ತಂಗಿಲ್ರಿ. ಇದರ ಕಿಡಿಗೆ ಆ ಎಣ್ಣಿ ಹತ್ತಂಗಿಲ್ಲ."

"ಯಾಕ ಹತ್ತಂಗಿಲ್ಲ? ನನ್ನ ಇಂಜಿನ್ನಿಗೆ ಹತ್ತತದ, ನಿಮ್ಮ ಇಂಜಿನ್ನಿಗೆ ಯಾಕ ಹತ್ತಂಗಿಲ್ಲ?"

ಯಾರೋ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಹಾಕಿ ನೋಡಿ ಎಂದರು. ಇಂಜಿನ್ ಬಿಸಿಯಾಗಿದ್ದರೆ ಚಿಮಣಿ ಎಣ್ಣೆಗೂ ಹೇಗೋ ನಡೆಯುತ್ತದೆ, ಮೊದಲು ಬಿಸಿ ಮಾಡಲಾದರೂ ಪೆಟ್ರೋಲ್ ಬೇಕು ಎಂದು ನನ್ನ ಗಂಡ ಹೇಳಿದರು. ಆದರೂ ನಾಲ್ಕು ಮನೆಯ ಚಿಮಣಿ ಬಸಿದು ತಂದು ಹಾಕಿದೆವು. ಹತ್ತಲಿಲ್ಲ. ಒಳಗಿನಿಂದ ವೈನಿಯ ಕೂಗು ಕೇಳುತ್ತಿತ್ತು. ಅಣ್ಣ ಯಾರ ಮಾತನ್ನೂ ಕೇಳದೆ ಪೀಪಾಯಿಯಿಂದ ಕ್ರೂಡ್ ತುಂಬಿಕೊಂಡು ಬಂದು ಮೋಟಾರಿನ ಟಾಕಿಗೆ ಸುರಿದ. ಮುಂದಿನ ಹಿಡಿಕೆ ಹಿಡಿದು ತಿರುವಿದ. ಮತ್ತೆ ಮತ್ತೆ ತಿರುವಿದ. ಮೋಟಾರು ಒಮ್ಮೆ ಉಸಿರುಗಟ್ಟಿದಂತೆ ಸದ್ದು ಮಾಡಿ ಸುಮ್ಮನಾಯಿತು. ಅವನ ಅಂಗೈ ಹರಿದು ಹಿಡಿಕೆಯೆಲ್ಲ ರಕ್ತವಾಗಿತ್ತು. ನನ್ನ ಗಂಡ ಹೋಗಿ ಅವನ ತೋಳು ಹಿಡಿದರು. ಅಣ್ಣ ಅವರನ್ನು ದೂಡಿಬಿಟ್ಟ.

"ಇಷ್ಟು ಎಣ್ಣಿ ಇಟ್ಕೊಂಡು ನನ್ನ ಹೆಂಡ್ತೀನ ಚಕ್ಕಡಿ ಮ್ಯಾಲ ಒಯ್ಯಬೇಕೇನ್ರಿ ನಾ?" ಎಂದು ಕೂಗಿದ. ನನ್ನ ಗಂಡ ಎತ್ತು ತರಲು ಹೋದರು.

ಚಕ್ಕಡಿಯನ್ನೇ ಹೂಡಿದೆವು. ಜೋಳದ ಕಣಕಿ ಹಾಸಿ, ಅದರ ಮೇಲೆ ಕೌದಿ ಹಾಸಿ, ವೈನಿಯನ್ನು ಮಲಗಿಸಿ, ಗೋಣಿ ತಟ್ಟು ಕಟ್ಟಿ ಮಳೆಗೆ ಮರೆ ಮಾಡಿದೆವು. ನಾನೂ ಸೂಲಗಿತ್ತಿಯೂ ಒಳಗೆ ಕೂತೆವು. ಅಣ್ಣ ಎತ್ತು ಹೊಡೆಯುತ್ತಿದ್ದ, ನನ್ನ ಗಂಡ ಗಾಲಿ ಹೂತಲ್ಲೆಲ್ಲ ಹೆಗಲು ಕೊಡುತ್ತಿದ್ದರು. ಒಣ ದಾರಿಯಲ್ಲೇ ಕಲಬುರಗಿ ಚಕ್ಕಡಿಗೆ ಒಂದು ಹಗಲಿನ ದಾರಿ. ವೈನಿ ಮೊದಮೊದಲು ನನ್ನ ಕೈ ಹಿಚುಕುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಹಿಚುಕುವುದೂ ಕಡಿಮೆಯಾಯಿತು. ಒಂದು ಹಳ್ಳದ ದಂಡೆಯಲ್ಲಿ ಸೂಲಗಿತ್ತಿ ಚಕ್ಕಡಿ ನಿಲ್ಲಿಸಲು ಹೇಳಿದಳು. ಇನ್ನು ದವಾಖಾನೆಯ ತನಕ ಇಬ್ಬರಲ್ಲಿ ಒಬ್ಬರೂ ಉಳಿಯುವುದಿಲ್ಲ ಎಂದಳು. ಗಂಡಸರು ಬೆನ್ನು ತಿರುಗಿಸಿ ಜೋಳದ ಹೊಲದಲ್ಲಿ ನಿಂತರು. ಅವಳು ಏನು ಮಾಡಿದಳೋ, ಹೇಗೆ ಮಾಡಿದಳೋ ನಾನು ಬರೆಯಲಾರೆ. ವೈನಿ ಉಳಿದಳು. ಕೂಸು ಗಂಡು, ಅಳಲಿಲ್ಲ. ಅಣ್ಣ ಅದನ್ನು ತನ್ನ ಧೋತರದ ಅಂಚು ಹರಿದು ಸುತ್ತಿ ಅಲ್ಲೇ ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿದ. ಮಳೆ ನಿಂತು ಬಿಸಿಲು ಬಿತ್ತು. ನಾವು ಮುಂದೆ ಹೋಗಿ ವೈನಿಯನ್ನು ದವಾಖಾನೆಗೆ ಸೇರಿಸಿದೆವು.

ಅವಳು ಎದ್ದು ಕೂತು ಊರಿಗೆ ಮರಳಿದ ಮೇಲೆ ಒಂದು ದಿನ ನನ್ನ ಗಂಡ ಬೇವಿನ ಗಿಡದ ಕೆಳಗೆ ಮೋಟಾರಿನ ಟಾಕಿ ಬಿಚ್ಚುತ್ತಿದ್ದರು. ಕ್ರೂಡ್ ಹೋದ ಕೊಳವೆಗಳನ್ನೆಲ್ಲ ತೊಳೆಯದೆ ಅದು ಮತ್ತೆ ನಡೆಯುವಂತಿರಲಿಲ್ಲ. ಅಣ್ಣ ಕೈಗೆ ಅರಿವೆ ಕಟ್ಟಿಕೊಂಡೇ ಬಂದು ಪಕ್ಕದಲ್ಲಿ ಕುಳಿತ. ಒಂದೊಂದೇ ಕೊಳವೆ ತೆಗೆದುಕೊಂಡು ಊದಿ, ಒರೆಸಿ, ಇಟ್ಟ. ಮಧ್ಯಾಹ್ನದ ತನಕ ಇಬ್ಬರೂ ಅದೇ ಕೆಲಸದಲ್ಲಿದ್ದರು. ಊಟಕ್ಕೆ ಕರೆದಾಗ ಅಣ್ಣ, "ನಡೀರಿ ಅಳಿಯಾರ, ಕೈ ತೊಳಕೋರಿ," ಎಂದ. ಅಷ್ಟರಲ್ಲಿ ಅವರಿಬ್ಬರ ನಡುವೆ ಇದ್ದದ್ದು ಮುಗಿಯಿತು ಎಂದು ನಾನು ತಿಳಿದೆ.

ಆದರೆ ನನ್ನ ಗಂಡನಿಗೆ ಮೋಟಾರಿನ ಮೇಲೆ ಮನಸ್ಸು ಉಳಿಯಲಿಲ್ಲ. ಅದನ್ನು ಆಳಂದದ ಒಬ್ಬ ಬಟ್ಟೆ ಅರಿವೆಯ ವ್ಯಾಪಾರಿಗೆ ಮಾರಿಬಿಟ್ಟರು. ಮಾರಿ ಏನು ಮಾಡುವುದು ಎಂದಾಗ ದಾರಿ ತೋರಿಸಿದವನು ಅಣ್ಣನೇ. "ನೀವೂ ಆಳಂದದಾಗ ಒಂದು ಗಿರಣಿ ಹಾಕ್ರಿ. ಪೆಟ್ರೋಲ್ ಎಲ್ಲಾರಿಗೂ ಬೇಕು, ಅದಕ್ಕ ಅದು ಕೈಗೆ ಸಿಗಂಗಿಲ್ಲ. ಈ ಕರೀ ಎಣ್ಣಿ ಯಾರಿಗೆ ಬೇಕ್ರಿ? ಇದು ಏರಂಗಿಲ್ಲ." ನೋಡಿದರೆ ಮಾತು ಖರೆಯೇ ಇತ್ತು. ಲಡಾಯಿ ಬಂದ ಮೇಲೆ ಅದು ಏರಿರಲಿಲ್ಲ. ಸೊಲ್ಲಾಪುರದಲ್ಲಿ ಒಂದು ಹಳೆಯ ಇಂಜಿನ್ ಸಿಕ್ಕಿತು. ಖಜೂರಿಯ ಗಡಿ ನಾಕೆಯಲ್ಲಿ ನಿಜಾಮರ ಸುಂಕದವರು ಅದನ್ನು ಇಳಿಸಿ, ಏರಿಸಿ, ಸುತ್ತ ತಿರುಗಿ ನೋಡಿ ಬಿಟ್ಟರು. ಆಳಂದದ ನಮ್ಮ ಓಣಿಯಲ್ಲಿ ಗಿರಣಿ ಶುರುವಾಯಿತು. ಅದರ ಸದ್ದಿಗೆ ನನಗೆ ಮೊದಲ ದಿನ ತವರಿಗೇ ಹೋದಂತೆ ಅನ್ನಿಸಿತ್ತು.

ಒಂದು ಸುಗ್ಗಿ ಚೆನ್ನಾಗಿ ನಡೆಯಿತು. ಮರು ಸುಗ್ಗಿಗೆ ಕ್ರೂಡ್ ಏರತೊಡಗಿತು. ಈ ವಾರದ ಧಾರಣೆ ಮುಂದಿನ ವಾರಕ್ಕೆ ಇರುತ್ತಿರಲಿಲ್ಲ. ಅದೇ ಹೊತ್ತಿನಲ್ಲಿ ಪೆಟ್ರೋಲ್ ಚೀಟಿಯ ಧಾರಣೆ ಇದ್ದಲ್ಲೇ ಕಟ್ಟಿ ಹಾಕಿದಂತೆ ನಿಂತಿತ್ತು. ನನ್ನ ಗಂಡ ಕಲಬುರಗಿಗೆ ಹೋಗಿ ಅಂಗಡಿಯ ಸಾಹುಕಾರನನ್ನೇ ಕೇಳಿದರಂತೆ. ಅವನು ಒಳ್ಳೆಯ ಮನುಷ್ಯ, ಕೂಡಿಸಿಕೊಂಡು ಹೇಳಿದ. ಅವರು ಮನೆಗೆ ಬಂದು ಅದನ್ನೇ ನನಗೆ ಹೇಳಿದರು.

"ಮಜ್ಜಿಗಿ ಕಡಿಯೋದು ನೋಡೀರಲ್ಲ, ಹಂಗ ತಿಳೀರಿ," ಎಂದನಂತೆ. "ನೆಲದಾಗಿಂದ ಬರೋ ಎಣ್ಣಿ ಒಂದ. ಅದನ್ನ ಕಾಸಿದ್ರ ತೆಳ್ಳಂದು ಪೆಟ್ರೋಲ್ ಬರ್ತದ, ಆಮ್ಯಾಲ ಚಿಮಣಿ ಎಣ್ಣಿ, ಅದರ ಹಿಂದ ದಪ್ಪಂದು. ಒಂದು ಗಡಿಗಿ ಮೊಸರು ಕಡದ್ರ ಬೆಣ್ಣಿ ಬರೋವಷ್ಟ ಬರ್ತದ. ಬೆಣ್ಣಿ ಅಷ್ಟ ಬೇಕು, ಮಜ್ಜಿಗಿ ಬ್ಯಾಡ ಅಂದ್ರ ಆಗ್ತದೇನ್ರಿ? ಹಬ್ಬದಾಗ ಬೆಣ್ಣಿ ಕೇಳ್ತಾರ, ಬ್ಯಾಸಗ್ಯಾಗ ಮಜ್ಜಿಗಿ ಕೇಳ್ತಾರ. ಕೇಳೋ ಮಂದಿ ಬ್ಯಾರೆ, ಕಿಮ್ಮತ್ತೂ ಬ್ಯಾರೆ."

"ಈಗ ಈ ದಪ್ಪ ಎಣ್ಣಿ ಕೇಳಾಕತ್ತೋರು ಯಾರ್ರಿ?" ಎಂದು ಇವರು ಕೇಳಿದರಂತೆ.

"ಹಡಗಿನವ್ರು, ಲಷ್ಕರದವ್ರು. ಕಲ್ಲಿದ್ದಲು ಸಿಗಲಾರದ ಫ್ಯಾಕ್ಟರಿಯವ್ರು. ಮೋಟಾರಿನವ್ರು ಪೆಟ್ರೋಲ್ ಇಲ್ಲಂದ್ರ ಮೋಟಾರು ನಿಂದ್ರಸಿ ಮನ್ಯಾಗ ಕುಂಡ್ರತಾರ. ಗಿರಣಿ ಹ್ಯಾಂಗ ನಿಂದ್ರಸ್ತೀರಿ? ಊರು ರೊಟ್ಟಿ ತಿನ್ನಬೇಕಲ್ಲ. ಎಷ್ಟು ಏರಿದ್ರೂ ಒಯ್ತೀರಿ ಅಂತ ಗೊತ್ತದ. ಅದಕ್ಕ ಏರ್ತದ."

ನನ್ನ ಗಂಡನಿಗೆ ಈಗ ಎಲ್ಲ ತಿಳಿದಿತ್ತು, ಆದರೆ ಇಂಜಿನ್ನಿಗೆ ಹಾಕಲು ಮನೆಯಲ್ಲಿ ಎಣ್ಣೆ ಇರಲಿಲ್ಲ.

ಜೇವರ್ಗಿ ಕಡೆ ಭೀಮೆಯ ದಂಡೆಯ ಒಬ್ಬ ರೈತನ ಹತ್ತಿರ ಕ್ರೂಡ್ ಪೀಪಾಯಿಗಳಿವೆ ಎಂದು ಯಾರೋ ಹೇಳಿದರು. ಅವನು ಹೊಳೆಯಿಂದ ಇಂಜಿನ್ನಿನಲ್ಲಿ ನೀರೆತ್ತಿ ಕಬ್ಬು ಬೆಳೆಯುತ್ತಿದ್ದ. ಅಣ್ಣ ಮತ್ತು ನನ್ನ ಗಂಡ ಕೂಡಿ ಹೋದರು. ದೋಣಿಯಲ್ಲಿ ಹೊಳೆ ದಾಟಿ ಅವನ ಹೊಲ ಮುಟ್ಟಿದರು. ಅವನು ಮಜ್ಜಿಗೆ ಕೊಟ್ಟು, ಬಂದ ಕೆಲಸ ಕೇಳಿ, ಇಬ್ಬರನ್ನೂ ಪೀಪಾಯಿಯ ಹತ್ತಿರ ಕರೆದುಕೊಂಡು ಹೋದ. ತಾನೇ ಅದನ್ನು ಕಾಲಿನಿಂದ ಒದ್ದು ತೋರಿಸಿದ. ಬರಿದು. ಪಕ್ಕದಲ್ಲಿ ಇನ್ನೊಂದು, ತಳದಲ್ಲಿ ಸ್ವಲ್ಪ.

"ಇಷ್ಟ ಉಳದದ್ರಿ ಯಪ್ಪಾ. ಇದು ತೀರಿದ ಮರುದಿನ ಕಬ್ಬು ಒಣಗಾಕ ಹತ್ತತದ. ಹೊಳಿ ಅಲ್ಲೇ ಹರಿಯಾಕತ್ತದ, ನೋಡ್ರಿ, ಕೈಗೆ ಹತ್ತೂವಷ್ಟು ದೂರ. ನಾ ನಿಮಗ ಹ್ಯಾಂಗ ಕೊಡ್ಲಿ?" ಎಂದನಂತೆ.

ಅವನಿಗೆ ಕೈ ಮುಗಿದು ಇಬ್ಬರೂ ಹಿಂತಿರುಗಿದರು. ದೋಣಿಯಲ್ಲಿ ಅಣ್ಣ, "ಏರಂಗಿಲ್ಲ ಅಂತ ನಾ ಅಂದಿದ್ದೆ ನಿಮಗ," ಎಂದನಂತೆ. ನನ್ನ ಗಂಡ, "ನಿಮಗಾದ್ರೂ ಹ್ಯಾಂಗ ಗೊತ್ತಾಗಬೇಕ್ರಿ ಮಾವಾರ, ಯಾರಿಗೆ ಗೊತ್ತಿತ್ತು," ಎಂದರಂತೆ.

ಅಣ್ಣ ಅಷ್ಟಕ್ಕೂ ಬಿಡಲಿಲ್ಲ. ಕುಸುಬೆ ಎಣ್ಣೆಯನ್ನು ಉಳಿದ ಕ್ರೂಡಿಗೆ ಬೆರೆಸಿ ಇಂಜಿನ್ನಿಗೆ ಹಾಕಿದ. ಇಂಜಿನ್ ನಡೆಯಿತು! ಊರ ತುಂಬ ಬಜಿ ಕರಿದ ವಾಸನೆ. ಹಬ್ಬ ಯಾರ ಮನೆಯಲ್ಲಿ ಎಂದು ಮಂದಿ ಹೊರಗೆ ಬಂದು ನೋಡಿದರಂತೆ. ವೈನಿ ಆ ವರ್ಷ ನಕ್ಕದ್ದು ಅದೊಂದೇ ದಿನ. ಆದರೆ ಒಳಗೆಲ್ಲ ಜಿಗಟು ಹಿಡಿದು ಇಂಜಿನ್ ಕೂತುಬಿಟ್ಟಿತು, ಮೇಲಾಗಿ ಒಗ್ಗರಣೆಯ ಎಣ್ಣೆಯನ್ನು ಇಂಜಿನ್ನಿಗೆ ಕುಡಿಸಿ ಎಷ್ಟು ದಿನ ಬಾಳುವುದು? ಗೊಬ್ಬೂರಿನ ಗಿರಣಿ ನಿಂತಿತು. ಅದರ ಬೆನ್ನಿಗೇ ಆಳಂದದ ನಮ್ಮದೂ ನಿಂತಿತು.

ಇತ್ತ ನಮ್ಮ ಹಳೆಯ ಮೋಟಾರು ಓಡುತ್ತಿತ್ತು. ಅರಿವೆ ವ್ಯಾಪಾರಿ ಅದರ ಹಿಂದೆ ಇದ್ದಿಲು ಉರಿಸುವ ಒಲೆಯಂಥದ್ದೊಂದನ್ನು ಕಟ್ಟಿಸಿದ್ದ. ಅದರ ಹೊಗೆಯಲ್ಲೇ ಇಂಜಿನ್ ನಡೆಯುತ್ತಿತ್ತು, ಪೆಟ್ರೋಲ್ ಹೆಸರಿಗೆ ಮಾತ್ರ ಬೇಕು. ಏರು ಬಂದರೆ ಮಂದಿ ಇಳಿದು ನೂಕಬೇಕು. ಆದರೂ ಟಾಪಿನ ಮೇಲೆ ಸಹ ಜನ. ನಮ್ಮ ಮನೆಯ ಮುಂದಿನಿಂದಲೇ ಹೋಗುತ್ತಿತ್ತು. ಮೊದಲ ಸಲ ಅದು ಹೋದಾಗ ನನ್ನ ಗಂಡ ಊಟಕ್ಕೆ ಕೂತಿದ್ದರು. ಸದ್ದು ಕೇಳಿ ತುತ್ತು ಕೈಯಲ್ಲೇ ಉಳಿಯಿತು. ನಾನು ಬಾಗಿಲು ಮುಚ್ಚಲು ಎದ್ದೆ. "ಇರ್ಲಿ ಬಿಡು," ಎಂದರು. ಕೆಲವು ತಿಂಗಳ ಮೇಲೆ ಆ ವ್ಯಾಪಾರಿಯೇ ಬಂದು, ಮೋಟಾರು ನಿಮ್ಮ ಕೈ ಬಲ್ಲದು, ನೀವೇ ನಡೆಸಿದರೆ ಒಳ್ಳೆಯದು ಎಂದು ಕೇಳಿಕೊಂಡ. ಇವರು ಒಪ್ಪಿದರು. ತಮ್ಮದೇ ಆಗಿದ್ದ ಮೋಟಾರಿನಲ್ಲಿ ಸಂಬಳಕ್ಕೆ ಕೂತರು. ಮನೆಗೆ ಬಂದಾಗ ಮುಖ, ಕಿವಿ, ಹುಬ್ಬು ಎಲ್ಲ ಇದ್ದಿಲು. ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು, ನಾನು ನೀರು ಹಾಕುತ್ತಿದ್ದೆ.

ಆ ಬೇಸಿಗೆ ನಾನು ಗೊಬ್ಬೂರಿಗೆ ಹೋದಾಗ ವೈನಿ ಬೀಸುವ ಕಲ್ಲಿನ ಮುಂದೆ ಇದ್ದಳು. ಊರ ತುಂಬ ಮತ್ತೆ ಕಲ್ಲಿನ ಸದ್ದು. ನಾನೂ ಎದುರಿಗೆ ಕೂತು ಗೂಟ ಹಿಡಿದೆ. ಅವಳು ಕೇಳಿದಳು.

"ನಿಮ್ಮ ಮನಿಯವ್ರಿಗೆ ಅಂಗಡಿ ಸಾಹುಕಾರ ಏನೋ ಹೇಳಿದನಂತಲ್ಲ, ಎಣ್ಣಿ ಧಾರಣಿ ಯಾಕ ಹಿಂಗಂತ."

ನಾನು ಬೆಣ್ಣೆ ಮಜ್ಜಿಗೆಯ ಮಾತನ್ನೆಲ್ಲ ಹೇಳಿದೆ. ಬೀಸುತ್ತಲೇ ಕೇಳಿದಳು. ಹಿಡಿ ಜೋಳ ಹಾಕಿದಳು. "ಹಂಗಾದ್ರ ಎರಡೂ ಒಂದ ಎಣ್ಣ್ಯಾಗಿಂದ ಹುಟ್ಟಿದ್ದು ಅನ್ನು," ಎಂದಳು.

"ಹೌದಂತ ವೈನಿ."

"ಮತ್ತ ಅವತ್ತು ನಮ್ಮ ಎಣ್ಣಿ ಪೆಟ್ರೋಲಿನಂಗ ಯಾಕ ಹತ್ತಲಿಲ್ಲ?"

ಕಾಸುವಾಗ ಬೇರೆಯಾದದ್ದು ಮತ್ತೆ ಕೂಡುವುದಿಲ್ಲ ಎಂದೇನೋ ಹೇಳಲು ಹೋಗಿ ಬಿಟ್ಟೆ. ಅವಳು ನನ್ನ ಮೇಲೆ ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದ್ದು. "ನನಗ ಗೊತ್ತಿಲ್ಲ ವೈನಿ," ಎಂದೆ. ಅವಳು ತಲೆ ಆಡಿಸಿ, ಹಿಟ್ಟು ಬಳಿದು ನನ್ನ ಕಡೆ ದೂಡಿದಳು. "ಸೋಸು, ರೊಟ್ಟಿಗೆ ಹೊತ್ತಾತು."

ಲಡಾಯಿ ಮುಗಿದ ಮೇಲೆ ಪೆಟ್ರೋಲ್ ಮೆಲ್ಲಗೆ ಸಿಗತೊಡಗಿತು. ಇದ್ದಿಲಿನ ಒಲೆಯನ್ನು ಮೋಟಾರಿನಿಂದ ಬಿಚ್ಚಿ ಹಾಕಿದರು. ಕ್ರೂಡಿಗೆ ಮಾತ್ರ ಏರಿದ ಮೆಟ್ಟಿಲು ಇಳಿಯಲು ಬಹಳ ಕಾಲ ಹಿಡಿಯಿತು. ಆಳಂದದ ನಮ್ಮ ಇಂಜಿನ್ ತುಕ್ಕು ಹಿಡಿದು, ಕೊನೆಗೆ ಗುಜರಿಗೆ ತೂಕದ ಮೇಲೆ ಹೋಯಿತು. ಅಣ್ಣ ಜಿಗಟು ಹಿಡಿದ ಇಂಜಿನ್ನನ್ನು ಬಿಚ್ಚಿ ಸರಿಪಡಿಸಿ ಗಿರಣಿಯನ್ನು ಮತ್ತೆ ಶುರು ಮಾಡಿದ. ಆದರೆ ಬೀಸುವ ಕೂಲಿ ಏರಿಸಬೇಕಾಯಿತು. ಎಷ್ಟೋ ಹೆಂಗಸರು ಬರಲಿಲ್ಲ. ಬಂದವರೂ ಬುಟ್ಟಿಯಲ್ಲಿ ಅರ್ಧ ತರುತ್ತಿದ್ದರು, ಉಳಿದರ್ಧ ಮನೆಯಲ್ಲೇ ಬೀಸಿಕೊಳ್ಳುವರು. ಅಣ್ಣನ ಮೇಲೆ ಅವರಿಗೆ ಸಿಟ್ಟು, ಅಣ್ಣನಿಗೆ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯದು. ಆಮೇಲಿನ, ನಿಜಾಮರ ಕೊನೆಗಾಲದ ಗಲಾಟೆಯ ವರ್ಷಗಳ ಮಾತು ಬೇರೆ, ಅದನ್ನು ಇಲ್ಲಿ ತರುವುದಿಲ್ಲ.

ವೈನಿಗೆ ಮತ್ತೆ ಮಕ್ಕಳಾಗಲಿಲ್ಲ. ನನ್ನ ಎರಡನೆಯ ಮಗಳನ್ನು ಹಾಲು ಬಿಡಿಸಿದ ಮೇಲೆ ಅವಳ ಹತ್ತಿರ ಬಿಟ್ಟೆ, ಅಲ್ಲೇ ಬೆಳೆದಳು, ಅವರನ್ನೇ ಅವ್ವ ಅಪ್ಪ ಎಂದು ಕರೆದಳು. ನನ್ನ ಗಂಡ ಕೈಯಲ್ಲಿ ಶಕ್ತಿ ಇರುವ ತನಕ ಬೇರೆಯವರ ಮೋಟಾರು ನಡೆಸಿದರು. ಮುಂದೆ ಆ ಕ್ರೂಡ್ ಎಣ್ಣೆಯಲ್ಲೇ ಓಡುವ ಡೀಸೆಲ್ಲಿನ ಬಸ್ಸುಗಳು ಬಂದಾಗ ಅವನ್ನು ನೋಡಲು ರಸ್ತೆಗೆ ಹೋಗಿ ನಿಂತರು. ಒಂದು ಬಸ್ಸು ನಿಂತಾಗ ಹತ್ತಿರ ಹೋಗಿ ಅದರ ಮೂತಿಯ ಮೇಲೆ ಕೈ ಇಟ್ಟು ಬಹಳ ಹೊತ್ತು ಇದ್ದರು. ಡ್ರೈವರ್ ಸೌಮ್ಯವಾಗಿ, "ಸರೀರಿ ಕಾಕಾ, ಬಸ್ ಬಿಡ್ತೇನಿ," ಎಂದ ಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.